ಬೇಸಿಗೆಯಲ್ಲಿ ಕಲ್ಯಾಣದಿಂದ ಹುಮನಾಬಾದಿಗೆ: ಅರ್ಧ ದೂರದ ಟ್ರಯಥ್ಲಾನ್ ಹಾದಿಯ ಲೆಕ್ಕ

ಬೇಸಿಗೆ ರಜೆ ಹತ್ತಿರ ಬಂದರೆ ನಮ್ಮ ಹಾಸ್ಟೆಲಿನಲ್ಲಿ ಒಂದು ಮಾತು ಎದ್ದೇ ಏಳುತ್ತದೆ. ಸೈಕಲ್ ಐತಿ, ಬಾವಿಯಲ್ಲಿ ಈಸಾಡಿ ಗೊತ್ತು, ಮೈದಾನದಲ್ಲಿ ದಿನಾ ನಾಲ್ಕು ಸುತ್ತು ಓಡ್ತೀವಿ. ಹಂಗಂದ್ರೆ ಊರಿಗೆ ಹೋದಾಗ ಒಂದು ಹಾಫ್ ಡಿಸ್ಟೆನ್ಸ್ ಟ್ರಯಥ್ಲಾನ್ ಯಾಕೆ ಮುಗಿಸಬಾರದು? ಈ ಪ್ರಶ್ನೆ ಕೇಳುವವರಿಗಾಗಿಯೇ ಈ ಪಾಠ. ನಮ್ಮಲ್ಲಿ ಹಲವರ ಊರು ಬೀದರ್ ಜಿಲ್ಲೆಯಲ್ಲೇ ಇರುವುದರಿಂದ ಬಸವಕಲ್ಯಾಣ–ಹುಮನಾಬಾದ್ ಹಾದಿಯನ್ನೇ ಉದಾಹರಣೆಗೆ ಹಿಡಿದಿದ್ದೇವೆ. ಇದು ಯಾವ ಸ್ಪರ್ಧೆಯ ಪ್ರಕಟಣೆಯೂ ಅಲ್ಲ. ನಮ್ಮ ರಸ್ತೆ, ನಮ್ಮ ಬಿಸಿಲು, ನಮ್ಮ ಮೈ, ಈ ಮೂರನ್ನೂ ಒಂದೇ ಲೆಕ್ಕದಲ್ಲಿಟ್ಟರೆ ಏನು ಉತ್ತರ ಬರುತ್ತದೆ ಅಂತ ನೋಡೋಣ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬೇಸಿಗೆಯಲ್ಲಿ ಈ ಹಾದಿಯ ನಿಜವಾದ ಕಷ್ಟ ಇರೋದು ಬೆಳಗಿನ ಹತ್ತು ಗಂಟೆಯ ನಂತರ ಉಳಿಯುವ ಕಿಲೋಮೀಟರುಗಳಲ್ಲಿ. ಅದು ಯಾಕೆ ಅನ್ನೋದನ್ನ ಹಂತ ಹಂತವಾಗಿ ಬಿಡಿಸೋಣ.

ಅರ್ಧ ದೂರ ಅಂದರೆ ಎಷ್ಟು?

1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ. ಮೈಲಿಯಲ್ಲಿ ಇದು 70.3, ಅದಕ್ಕೇ ‘ಐರನ್‌ಮ್ಯಾನ್ 70.3’ ಎಂಬ ಹೆಸರು ಕೇಳಿರುತ್ತೀರಿ. ಇದರ ಎರಡರಷ್ಟು ದೂರದ ಪೂರ್ಣ ಸ್ಪರ್ಧೆ ಶುರುವಾದದ್ದು 1978ರ ಫೆಬ್ರವರಿ 18ರಂದು, ಹವಾಯಿಯ ಓವಾಹು ದ್ವೀಪದಲ್ಲಿ. ಅವತ್ತು ಹೊರಟವರು 15 ಜನ, ಮುಗಿಸಿದವರು 12. ನಮಗೆ ಹತ್ತಿರದ ದೊಡ್ಡ ಸ್ಪರ್ಧೆ ಗೋವಾದ 70.3, ಅದರ ಮೊದಲ ಆವೃತ್ತಿ 2019ರ ಅಕ್ಟೋಬರ್ 20ರಂದು ನಡೆಯಿತು. ಸಾಮಾನ್ಯವಾಗಿ ಇಂಥ ಸ್ಪರ್ಧೆಯನ್ನು ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಗೋವಾದಲ್ಲಿ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದ್ದು ಸುದ್ದಿಯಾಗಿತ್ತು. ಎಂಟೂವರೆ ಗಂಟೆ ಅಂದರೆ ಧಾರಾಳ ಅಂತ ಯಾರೂ ಭಾವಿಸಬೇಡಿ ಅನ್ನೋದಕ್ಕೆ ಇದೊಂದೇ ಅಂಕಿ ಸಾಕು.

ಗೋವಾ ಸ್ಪರ್ಧೆ ಅಕ್ಟೋಬರಿನಲ್ಲಿ ಶುರುವಾದದ್ದನ್ನು ಗಮನಿಸಿ, ಮೇ ತಿಂಗಳಲ್ಲಲ್ಲ. ಮುಂದಿನ ಲೆಕ್ಕಕ್ಕೆ ಇದು ಬೇಕಾಗುತ್ತದೆ.

ನಮ್ಮ ಹಾದಿ

ಬಸವಕಲ್ಯಾಣದಲ್ಲಿ ಈಜು, ಅಲ್ಲಿಂದ ಸೈಕಲ್, ಹುಮನಾಬಾದಿನಲ್ಲಿ ಓಟ ಅಂತ ಇಟ್ಟುಕೊಳ್ಳೋಣ. ಕಲ್ಯಾಣದಿಂದ ಹೊರಟರೆ ಸಸ್ತಾಪುರ ಬಂಗ್ಲಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 65 ಸಿಗುತ್ತದೆ. ಪುಣೆ, ಸೊಲ್ಲಾಪುರದಿಂದ ಹೈದರಾಬಾದ್ ಕಡೆಗೆ ಹೋಗುವ ರಸ್ತೆ. ಹಿರಿಯರು ಈಗಲೂ ‘ನಂಬರ್ 9’ ಅನ್ನುತ್ತಾರೆ. ಪೂರ್ವಕ್ಕೆ ತಿರುಗಿ ರಾಜೇಶ್ವರ ದಾಟಿದರೆ ಹುಮನಾಬಾದ್. ಒಂದು ಕಡೆಗೆ ಮೂವತ್ತು ಕಿ.ಮೀ. ಹತ್ತಿರ ಹತ್ತಿರ. ಹೋಗಿ, ಬಂದು, ಮತ್ತೆ ಹೋದರೆ ತೊಂಬತ್ತರ ಸಮೀಪ ಬರುತ್ತದೆ. ಉಳಿದದ್ದನ್ನು ಸೈಕಲ್ಲಿನ ಮೀಟರ್ ನೋಡಿ ಹೊಂದಿಸಿಕೊಳ್ಳಬಹುದು. ಓಟಕ್ಕೆ ಹುಮನಾಬಾದ್ ಮತ್ತು ಅದಕ್ಕೆ ಹತ್ತಿರದ ಮಾಣಿಕನಗರದ ನಡುವಿನ ಸುತ್ತುಗಳು.

ಇದು ದಖ್ಖನ್ ಪ್ರಸ್ಥಭೂಮಿ. ಸಮುದ್ರ ಮಟ್ಟದಿಂದ ಆರು ನೂರು ಮೀಟರಿಗೂ ಮೇಲೆ. ಕಣ್ಣಿಗೆ ಸಪಾಟಾಗಿ ಕಾಣುತ್ತದೆ, ಆದರೆ ರಸ್ತೆ ಸಣ್ಣಗೆ ಏರುತ್ತ ಇಳಿಯುತ್ತ ಹೋಗುತ್ತದೆ. ಬೇಸಿಗೆಯಲ್ಲಿ ಜೋಳ, ಕಡಲೆ, ತೊಗರಿ ಎಲ್ಲ ಮನೆ ಸೇರಿ ಹೊಲಗಳು ಬರಿದಾಗಿರುತ್ತವೆ. ಹೆದ್ದಾರಿಯ ಮೇಲೆ ದೂರ ದೂರದವರೆಗೂ ನೆರಳು ಕಡಿಮೆ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 38ರಿಂದ 40 ಡಿಗ್ರಿ ಇರುವುದು ಸಾಮಾನ್ಯ, ಕೆಲವು ದಿನ ಅದನ್ನೂ ದಾಟುತ್ತದೆ.

ಗಡಿಯಾರ ಏನು ಹೇಳುತ್ತದೆ?

ಮೊದಲ ಸಲ ಮಾಡುವ, ಸುಮಾರಾಗಿ ತಯಾರಾದ ವಿದ್ಯಾರ್ಥಿಯೊಬ್ಬನ ವೇಗ ಹಿಡಿಯೋಣ. ಈಜಿಗೆ 50 ನಿಮಿಷ. ಬಟ್ಟೆ ಬದಲಿಸಿ ಸೈಕಲ್ ಹತ್ತಲು 8 ನಿಮಿಷ. ಗಂಟೆಗೆ 25 ಕಿ.ಮೀ.ಯಂತೆ ಸೈಕಲ್ಲಿಗೆ 3 ಗಂಟೆ 36 ನಿಮಿಷ. ಬೂಟು ಬದಲಿಸಲು 6 ನಿಮಿಷ. ಕಿ.ಮೀ.ಗೆ ಏಳೂವರೆ ನಿಮಿಷದಂತೆ ಓಟಕ್ಕೆ 2 ಗಂಟೆ 38 ನಿಮಿಷ. ಒಟ್ಟು 7 ಗಂಟೆ 18 ನಿಮಿಷ. ಒಳ್ಳೆಯ ಸಮಯವೇ.

ಈಗ ಇದನ್ನು ಮೇ ತಿಂಗಳ ನಡುವಿನ ಒಂದು ದಿನದ ಮೇಲೆ ಇಡಿ. ಕಲ್ಯಾಣದಲ್ಲಿ ಸೂರ್ಯ ಹುಟ್ಟುವುದು 5:50ರ ಸುಮಾರಿಗೆ. ಕತ್ತಲಲ್ಲಿ ನೀರಿಗಿಳಿಯುವುದು ಸರಿಯಲ್ಲವಾದ್ದರಿಂದ 6 ಗಂಟೆಗೆ ಶುರು. ಈಜು ಮುಗಿಯೋದು 6:50. ಸೈಕಲ್ 6:58ರಿಂದ 10:34. ಓಟ 10:40ರಿಂದ ಮಧ್ಯಾಹ್ನ 1:18.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಬಸವಕಲ್ಯಾಣದ ಅಕ್ಷಾಂಶ ಉತ್ತರಕ್ಕೆ 17.9 ಡಿಗ್ರಿಯ ಹತ್ತಿರ. ಮೇ 11ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಅನ್ನೋದು. ಮಧ್ಯಾಹ್ನ 12:18ರ ಸುಮಾರಿಗೆ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ನಮ್ಮ ಓಟದ ಕೊನೆಯ ಎಂಟು ಕಿ.ಮೀ. ಬೀಳೋದು ಸರಿಯಾಗಿ ಆ ಗಳಿಗೆಯಲ್ಲಿ, ಅದಾಗಲೇ ಆರು ಗಂಟೆ ದುಡಿದ ಮೈಯ ಮೇಲೆ.

ಇಂಥ ಸಂದರ್ಭದಲ್ಲಿ ಜಗತ್ತಿನ ಅತಿ ಬಲಿಷ್ಠರೂ ಗಡಿಯಾರವನ್ನೇ ಸರಿಸಿದ್ದಾರೆ. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಪುರುಷರ ಟ್ರಯಥ್ಲಾನ್ ಬೆಳಗ್ಗೆ 6:30ಕ್ಕೆ ಶುರುವಾಯಿತು. ಮ್ಯಾರಥಾನನ್ನಂತೂ ಬಿಸಿಲಿಗೆ ಹೆದರಿ ಉತ್ತರದ ಸಪ್ಪೋರೊ ನಗರಕ್ಕೇ ಒಯ್ದರು. ಅವರ ಟ್ರಯಥ್ಲಾನ್ ಎರಡು ಗಂಟೆಯೊಳಗೆ ಮುಗಿಯುವಂಥದ್ದು. ನಮ್ಮದು ಏಳು ಗಂಟೆಯದ್ದು.

ಮೈ ಎಂಬ ಇಂಜಿನ್

ಈಗ ಥರ್ಮೋಡೈನಾಮಿಕ್ಸ್. 60 ಕೆ.ಜಿ. ತೂಕದವನು ಸೈಕಲ್ಲಿನ ಪೆಡಲಿಗೆ 130 ವ್ಯಾಟ್ ಕೊಡುತ್ತಿದ್ದಾನೆ ಅನ್ನಿ. ಮನುಷ್ಯನ ಸ್ನಾಯುಗಳ ದಕ್ಷತೆ ಸುಮಾರು 22 ಶೇಕಡಾ. ಹಾಗಾದರೆ ಒಳಗೆ ಖರ್ಚಾಗುತ್ತಿರೋದು 590 ವ್ಯಾಟ್. ಉಳಿದ 460 ವ್ಯಾಟ್ ಬರೀ ಶಾಖ. ಅರ್ಧ ಕಿಲೋವ್ಯಾಟಿನ ಹೀಟರನ್ನು ಹೊಟ್ಟೆಯೊಳಗೆ ಇಟ್ಟುಕೊಂಡಂತೆ.

ಮೈಯ ವಿಶಿಷ್ಟ ಉಷ್ಣ ಕೆ.ಜಿ.ಗೆ ಸುಮಾರು 3.5 ಕಿಲೋಜೂಲ್. 60 ಕೆ.ಜಿ.ಯನ್ನು ಒಂದು ಡಿಗ್ರಿ ಏರಿಸಲು 210 ಕಿಲೋಜೂಲ್ ಬೇಕು. 460 ವ್ಯಾಟಿನಲ್ಲಿ ಅದಕ್ಕೆ ತಗಲುವ ಸಮಯ ಏಳೂವರೆ ನಿಮಿಷ. ಅಂದರೆ ಶಾಖ ಹೊರಗೆ ಹೋಗುವ ದಾರಿ ಪೂರ್ತಿ ಮುಚ್ಚಿದರೆ ಅರ್ಧ ಗಂಟೆಯೊಳಗೆ ಮೈ 37ರಿಂದ 41 ಡಿಗ್ರಿಗೆ ಹೋಗುತ್ತದೆ. ದಾರಿ ಎಂದೂ ಪೂರ್ತಿ ಮುಚ್ಚುವುದಿಲ್ಲ, ಖರೇ. ಆದರೆ ಅಂಚು ಎಷ್ಟು ಕಿರಿದು ಅನ್ನೋದು ಇದರಿಂದ ತಿಳಿಯುತ್ತದೆ.

ಶಾಖ ಹೊರಹೋಗಲು ಮೂರು ದಾರಿ: ಗಾಳಿಗೆ ಕೊಡೋದು, ವಿಕಿರಣ, ಬೆವರು ಆರೋದು. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 38 ಆದ ಕ್ಷಣ ಮೊದಲ ದಾರಿ ತಿರುಗಿಬಿಡುತ್ತದೆ; ಗಾಳಿಯೇ ನಮ್ಮನ್ನು ಕಾಯಿಸುತ್ತದೆ. ಬಿಸಿಲು ಮತ್ತು ಕಾದ ಡಾಂಬರಿನಿಂದ ಎರಡನೆಯ ದಾರಿಯೂ ಒಳಮುಖ. ಉಳಿಯೋದು ಬೆವರು ಒಂದೇ.

ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆರಿದರೆ ಸುಮಾರು 2.43 ಮೆಗಾಜೂಲ್ ಶಾಖ ಒಯ್ಯುತ್ತದೆ. ಓಟದಲ್ಲಿ ಲೆಕ್ಕ ಹಾಕಿ ನೋಡಿ. ಗಂಟೆಗೆ 8 ಕಿ.ಮೀ. ವೇಗದಲ್ಲಿ 60 ಕೆ.ಜಿ.ಯವನು ಸುಮಾರು 550 ವ್ಯಾಟ್ ಖರ್ಚು ಮಾಡುತ್ತಾನೆ; ಸಪಾಟು ರಸ್ತೆಯಲ್ಲಿ ಅದರ ಬಹುಪಾಲು ಶಾಖವೇ. ಬಿಸಿಲು ಮತ್ತು ಬಿಸಿಗಾಳಿಯಿಂದ ಬರುವುದಕ್ಕೆ ಇನ್ನೊಂದು 150 ಸೇರಿಸಿ. 700 ವ್ಯಾಟನ್ನು ತೆಗೆಯಲು ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಲಾಭವಿಲ್ಲ. ಇನ್ನೊಂದು ಕಡೆ, ಓಡುವಾಗ ಹೊಟ್ಟೆ ಮತ್ತು ಕರುಳು ಗಂಟೆಗೆ ಹೀರಿಕೊಳ್ಳೋದೂ ಹೆಚ್ಚೂ ಕಡಿಮೆ ಒಂದು ಲೀಟರ್ ಮಾತ್ರ. ಖರ್ಚು ಆದಾಯಕ್ಕಿಂತ ಹೆಚ್ಚು. ಇಂಥ ಲೆಕ್ಕ ಎಷ್ಟು ಹೊತ್ತು ನಡೆದೀತು?

ಒಣ ಬಿಸಿಲು, ಹಸಿ ಬಿಸಿಲು

‘ಗೋವಾ ಸೆಕೆಗಿಂತ ನಮ್ಮ ಬಿಸಿಲು ವಾಸಿ, ಮೈ ಅಂಟೋದಿಲ್ಲ’ ಅಂತ ನಮ್ಮವರು ಹೇಳ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಅದನ್ನು ಅಳೆಯಲು ಕ್ರೀಡಾಲೋಕದಲ್ಲಿ ಒಂದು ಸೂಚ್ಯಂಕ ಬಳಸುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಯ 0.7 ಭಾಗ, ಬಿಸಿಲಲ್ಲಿಟ್ಟ ಕಪ್ಪು ಗೋಳದ ಅಂಕಿಯ 0.2 ಭಾಗ, ನೆರಳಿನ ಗಾಳಿಯ ಉಷ್ಣಾಂಶದ 0.1 ಭಾಗ, ಮೂರನ್ನೂ ಕೂಡಿಸಬೇಕು. ವಿಶ್ವ ಟ್ರಯಥ್ಲಾನ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಈ ಸೂಚ್ಯಂಕ 30 ದಾಟಿದರೆ ಕೆಂಪು ಬಾವುಟ, 32.2 ದಾಟಿದರೆ ಕಪ್ಪು ಬಾವುಟ.

ಉದಾಹರಣೆಗೆ ಮೂರು ಸಂದರ್ಭ ಹಿಡಿಯೋಣ. ಕಲ್ಯಾಣದ ಬೇಸಿಗೆಯ ಬೆಳಗಿನ ಏಳು ಗಂಟೆ: ಗಾಳಿ 27 ಡಿಗ್ರಿ, ಆರ್ದ್ರತೆ 50 ಶೇಕಡಾ, ಗೋಳ 35 ಎಂದಿಟ್ಟರೆ ಸೂಚ್ಯಂಕ ಸುಮಾರು 23.5. ಅದೇ ದಿನ ಮಧ್ಯಾಹ್ನ: ಗಾಳಿ 40, ಆರ್ದ್ರತೆ 20, ಗೋಳ 52 ಎಂದರೆ ಸುಮಾರು 30.5. ಕರಾವಳಿಯಲ್ಲಿ ಗಾಳಿ 33, ಆರ್ದ್ರತೆ 70, ಗೋಳ 45 ಎಂದರೆ ಸುಮಾರು 32. ನೋಡಿ, ಏಳು ಡಿಗ್ರಿ ಕಡಿಮೆ ಇದ್ದೂ ಕರಾವಳಿಯ ಸೂಚ್ಯಂಕ ಹೆಚ್ಚು. ಒಣ ಗಾಳಿಯಲ್ಲಿ ಬೆವರು ಚೆನ್ನಾಗಿ ಆರುತ್ತದೆ ಅನ್ನೋದು ನಿಜ.

ಉಳಿದ ಅರ್ಧ ಅಪಾಯಕಾರಿ. ಬೆವರು ಕೂಡಲೇ ಆರುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ಎಷ್ಟು ನೀರು ಹೋಯಿತು ಅನ್ನೋದು ತಿಳಿಯುವುದೇ ಇಲ್ಲ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಗೊತ್ತಾಗೋದು. ಕರಾವಳಿಯಲ್ಲಿ ಮೈ ತಾನೇ ಎಚ್ಚರಿಸುತ್ತದೆ. ನಮ್ಮ ಕಡೆ ಲೆಕ್ಕ ಇಟ್ಟು ಎಚ್ಚರಿಸಿಕೊಳ್ಳಬೇಕು.

ಈಜು: ಬಾವಿಗೂ ಕೆರೆಗೂ ಅಂತರ

ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಈಸಾಡಲು ಕಲಿಯೋದು ಹೊಲದ ಬಾವಿಯಲ್ಲಿ. ಸೊಂಟಕ್ಕೆ ಒಣ ಸೋರೆಬುರುಡೆಯೋ ಖಾಲಿ ಡಬ್ಬಿಯೋ ಕಟ್ಟಿ ಮೇಲಿಂದ ನೂಕಿದ್ದನ್ನು ಮರೆತವರಿಲ್ಲ. ಬಾವಿ ಧೈರ್ಯ ಕಲಿಸುತ್ತದೆ, ದೂರ ಕಲಿಸುವುದಿಲ್ಲ. ಹತ್ತು ಕೈ ಹೊಡೆದರೆ ಗೋಡೆ ಸಿಗುತ್ತದೆ. 1.9 ಕಿ.ಮೀ. ಅಂದರೆ 25 ಮೀಟರಿನ ಈಜುಕೊಳದಲ್ಲಿ 76 ಉದ್ದ. ಸ್ಪರ್ಧೆಯಲ್ಲಿ ಅಷ್ಟೂ ದೂರ ಹಿಡಿಯಲು ಗೋಡೆ ಇರುವುದಿಲ್ಲ. ಎಂಟು ಹತ್ತು ಕೈಗೊಮ್ಮೆ ತಲೆ ಎತ್ತಿ ಗುರಿ ನೋಡದಿದ್ದರೆ ಓರೆಯಾಗಿ ಹೋಗಿ ಎರಡು ಕಿ.ಮೀ. ದಾಟಿಸುತ್ತೀರಿ.

ಕಲ್ಯಾಣದಲ್ಲಿ ನೀರು ಅಂದರೆ ಮೊದಲು ನೆನಪಾಗೋದು ತ್ರಿಪುರಾಂತಕ ಕೆರೆ, ತಾಲ್ಲೂಕಿನಲ್ಲಿ ಚುಳಕಿನಾಲಾ ಜಲಾಶಯ. ಎರಡನ್ನೂ ನೋಡಿ ‘ಇಲ್ಲೇ ಇಳಿಯೋಣ’ ಅನಿಸುವುದು ಸಹಜ. ದಯವಿಟ್ಟು ಬೇಡ. ಬೇಸಿಗೆಯಲ್ಲಿ ನೀರು ಇಳಿದು ದಡದಲ್ಲಿ ಹೂಳು ತೇಲುತ್ತದೆ. ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಜಲಾಶಯದ ತಳ ಎಲ್ಲಿ ತಟ್ಟನೆ ಆಳವಾಗುತ್ತದೆ ಅನ್ನೋದು ಮೇಲಿಂದ ಕಾಣುವುದಿಲ್ಲ. ಅನುಮತಿ, ದೋಣಿ, ಜೀವರಕ್ಷಕ ಇಲ್ಲದ ನೀರಿನಲ್ಲಿ ಎಷ್ಟೇ ಚೆನ್ನಾಗಿ ಈಜುವವನೂ ಒಬ್ಬಂಟಿ. ಅಭ್ಯಾಸಕ್ಕೆ ಈಜುಕೊಳವೇ ಸರಿ. ತೆರೆದ ನೀರಿನ ಅನುಭವವನ್ನು ತರಬೇತುದಾರರ ಜೊತೆ, ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಕಟ್ಟಿಕೊಂಡೇ ಪಡೆಯಬೇಕು. ಅದು ನಮ್ಮ ಸೋರೆಬುರುಡೆಯ ಹೊಸ ತಮ್ಮ ಅಷ್ಟೇ.

ಇನ್ನೊಂದು ಖರ್ಚು ಉಳಿಯಿತು: ವೆಟ್‌ಸೂಟ್ ಕೊಳ್ಳಬೇಡಿ. ಐರನ್‌ಮ್ಯಾನ್ ನಿಯಮದಂತೆ ನೀರು 24.5 ಡಿಗ್ರಿ ಮೀರಿದರೆ ಅದನ್ನು ತೊಟ್ಟು ಪದಕಕ್ಕೆ ಸ್ಪರ್ಧಿಸುವಂತಿಲ್ಲ. ನಮ್ಮ ಬೇಸಿಗೆಯ ನೀರು ಅದಕ್ಕಿಂತ ಬೆಚ್ಚಗೇ ಇರುತ್ತದೆ. ನೀರಿನಲ್ಲಿದ್ದರೂ ಬೆವರುತ್ತೇವೆ ಅನ್ನೋದು ಮಾತ್ರ ನೆನಪಿರಲಿ. ದಡಕ್ಕೆ ಬಂದ ಕೂಡಲೇ ಬಾಯಾರಿಕೆ ಇಲ್ಲದಿದ್ದರೂ ಒಂದು ಲೋಟ ಕುಡಿಯಬೇಕು.

ಸೈಕಲ್: ಬೆನ್ನ ಹಿಂದಿನ ಗಾಳಿಯನ್ನು ನಂಬಬೇಡಿ

ಬೇಸಿಗೆಯ ಎರಡನೆಯ ಅರ್ಧದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ. ಹೊತ್ತು ಏರಿದಂತೆ ಜೋರಾಗುತ್ತದೆ. ಹುಮನಾಬಾದಿಗೆ ಹೋಗುವಾಗ ಅದು ಬೆನ್ನಿಗೆ, ಕಲ್ಯಾಣಕ್ಕೆ ಮರಳುವಾಗ ಎದೆಗೆ. ಎದುರುಗಾಳಿಯಲ್ಲಿ ವೇಗ ಬೀಳುತ್ತದೆ. ಅಲ್ಲಿ ವೇಗ ಉಳಿಸಿಕೊಳ್ಳಲು ತುಳಿದರೆ ಕೊನೆಯ ಮೂವತ್ತು ಕಿ.ಮೀ.ಗೆ ಕಾಲು ಉಳಿಯುವುದಿಲ್ಲ. ಗೇರ್ ಇಳಿಸಿ, ಉಸಿರಿನ ಲಯ ಕಾಯ್ದುಕೊಳ್ಳಿ.

ಆದರೆ ಶಾಖದ ಲೆಕ್ಕದಲ್ಲಿ ಹೆಚ್ಚು ಮೋಸ ಮಾಡೋದು ಬೆನ್ನ ಗಾಳಿ. ನೀವು 25ರಲ್ಲಿ ಹೋಗುತ್ತಿದ್ದೀರಿ, ಹಿಂದಿನಿಂದ ಗಾಳಿ 20ರಲ್ಲಿ ಬರುತ್ತಿದೆ ಅನ್ನಿ. ಮೈಗೆ ತಾಗುವ ಗಾಳಿ ಗಂಟೆಗೆ 5 ಕಿ.ಮೀ. ಮಾತ್ರ. ಬೆವರು ಆರಿಸುವ ಫ್ಯಾನ್ ಆಫ್ ಆದಂತೆ. ಆರಾಮ ಅನಿಸುವ ಆ ಹೊತ್ತಿನಲ್ಲೇ ತಲೆಗೆ, ಕತ್ತಿಗೆ ನೀರು ಸುರಿದುಕೊಳ್ಳಬೇಕು. ನಮ್ಮ ಹಾದಿಯ ಕೊನೆಯ ಮೂವತ್ತು ಕಿ.ಮೀ. ಇಂಥದ್ದೇ, ಅದೂ ಒಂಬತ್ತೂವರೆಯ ನಂತರ.

ಹೆದ್ದಾರಿಯಲ್ಲಿ ಭಾರೀ ಲಾರಿಗಳು ಎಡೆಬಿಡದೆ ಓಡುತ್ತವೆ. ಅಂಚಿನ ಬಿಳಿ ಪಟ್ಟಿಯ ಹೊರಗೆ ಒಂದೇ ಸಾಲಿನಲ್ಲಿ ಹೋಗಬೇಕು. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕು, ಟ್ರ್ಯಾಕ್ಟರ್, ಅಡ್ಡ ಬರುವ ದನ, ನಾಯಿ ಎಲ್ಲಕ್ಕೂ ಸಿದ್ಧರಿರಬೇಕು. ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಅಂಚಿನಲ್ಲಿ ಜಾಲಿ ಮುಳ್ಳು ಇದ್ದೇ ಇರುತ್ತದೆ. ಎರಡು ಟ್ಯೂಬು, ಒಂದು ಪಂಪು ಜೊತೆಗಿರಲಿ. ಬೆಳಗ್ಗೆ 25 ಡಿಗ್ರಿಯಲ್ಲಿ 100 ಪಿಎಸ್ಐ ತುಂಬಿದ ಟೈರಿನೊಳಗಿನ ಗಾಳಿ 55 ಡಿಗ್ರಿಗೆ ಕಾದರೆ ಒತ್ತಡ ಸುಮಾರು 111 ಆಗುತ್ತದೆ. ಆದ್ದರಿಂದ ಟೈರಿನ ಮೇಲೆ ಬರೆದ ಗರಿಷ್ಠ ಮಟ್ಟಕ್ಕೆ ತುಂಬಿ ಹೊರಡಬೇಡಿ.

ಸೈಕಲ್ಲಿಗೆ ಎರಡು ಬಾಟಲಿ ಹಿಡಿಯುತ್ತವೆ, ಒಂದೂವರೆ ಲೀಟರ್. ಬೇಕಾಗುವುದು ಮೂರು ಲೀಟರಿಗೂ ಹೆಚ್ಚು. ರಾಜೇಶ್ವರದಲ್ಲಿ ಗೆಳೆಯರೊಬ್ಬರು ನೀರು, ಉಪ್ಪು, ಐಸು ಇಟ್ಟುಕೊಂಡು ಕೂರಬೇಕು. ಮೂರು ಸಲ ಅವರ ಮುಂದೆ ಹಾಯುತ್ತೀರಿ. ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿ. ಮನೆಯ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಿರುವ ತತ್ವವೇ ಇಲ್ಲೂ ಕೆಲಸ ಮಾಡುತ್ತದೆ, ನಮ್ಮ ಒಣ ಗಾಳಿಯಲ್ಲಂತೂ ಇನ್ನೂ ಚೆನ್ನಾಗಿ.

ಓಟ: ನೆರಳು ಹುಡುಕುವ ಕಲೆ

ಸೈಕಲ್ ಇಳಿದ ಮೊದಲ ಎರಡು ಕಿ.ಮೀ. ಕಾಲು ನಿಮ್ಮದಲ್ಲ ಅನಿಸುತ್ತದೆ. ಅದು ಸಹಜ, ಸೈಕಲ್ ಮುಗಿದ ಕೂಡಲೇ ಹದಿನೈದು ನಿಮಿಷ ಓಡುವ ಅಭ್ಯಾಸವನ್ನು ವಾರಕ್ಕೊಮ್ಮೆ ಮಾಡಿದ್ದರೆ ಬೇಗ ಸರಿಹೋಗುತ್ತದೆ. ಸಹಜವಲ್ಲದ್ದು ಶಾಖ. ಸೈಕಲ್ಲಿನ ಮೇಲೆ ವೇಗವೇ ಗಾಳಿ ಬೀಸುತ್ತಿತ್ತು. ಓಟದಲ್ಲಿ ಅದು ಮೂರನೇ ಒಂದು ಭಾಗ. ಕೆಳಗಿನ ಡಾಂಬರು ಗಾಳಿಗಿಂತ ಬಹಳ ಬಿಸಿ. ಮೇ ತಿಂಗಳ ಮಧ್ಯಾಹ್ನ ವೀರಭದ್ರೇಶ್ವರ ಗುಡಿಯ ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಅದಕ್ಕೇ ಓಟವನ್ನು ಉದ್ದ ಹೆದ್ದಾರಿಯ ಮೇಲೆ ಇಡದೆ ಮೂರು ಕಿ.ಮೀ.ಯ ಏಳು ಸುತ್ತುಗಳಾಗಿ ಇಡೋದು ಜಾಣತನ. ಪ್ರತಿ ಸುತ್ತಿಗೂ ನೀರಿನ ಜಾಗ ಸಿಗುತ್ತದೆ, ಗೆಳೆಯರು ನಿಮ್ಮ ಮುಖ ನೋಡುತ್ತಾರೆ, ನಿಲ್ಲಿಸಬೇಕಾದರೆ ಮನೆ ಹತ್ತಿರವಿರುತ್ತದೆ. ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ. ಟೋಪಿಯನ್ನು ಪ್ರತಿ ಸುತ್ತಿಗೂ ನೆನೆಸಿ. ಕತ್ತಿಗೆ ಒದ್ದೆ ದಸ್ತಿ. ಚಳಿಗಾಲದ ನಿಮ್ಮ ವೇಗವನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ, ಕಿ.ಮೀ.ಗೆ ಒಂದು ನಿಮಿಷ ಹೆಚ್ಚಾದರೂ ಅದು ಸೋಲಲ್ಲ, ಶಾಖದ ಉತ್ಪಾದನೆ ತಗ್ಗಿಸುವ ಏಕೈಕ ಸ್ವಿಚ್ಚು ಅದು.

ನೀರು, ಉಪ್ಪು, ಅಂಬಲಿ

ನಿಮ್ಮ ಬೆವರಿನ ದರ ನೀವೇ ಅಳೆಯಿರಿ. ಒಂದು ಗಂಟೆ ಓಡುವ ಮೊದಲು 62.0 ಕೆ.ಜಿ., ನಂತರ 61.4 ಕೆ.ಜಿ., ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಅನ್ನಿ. ಬೆವರಿದ್ದು 0.6 ಮತ್ತು 0.5 ಸೇರಿ 1.1 ಲೀಟರ್. ಏಪ್ರಿಲಿನಲ್ಲಿ ಒಂದು ಸಲ, ಮೇ ತಿಂಗಳಲ್ಲಿ ಒಂದು ಸಲ ಅಳೆದು ಬರೆದಿಡಿ.

ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯೋದೂ ಅಪಾಯ. ಬೆವರಿನಲ್ಲಿ ಸೋಡಿಯಂ ಹೋಗುತ್ತದೆ, ಲೀಟರಿಗೆ ಸುಮಾರು ಒಂದು ಗ್ರಾಂ. ಒಬ್ಬೊಬ್ಬರಲ್ಲಿ ಹೆಚ್ಚು ಕಡಿಮೆ. ಅದನ್ನು ತುಂಬದೆ ನೀರು ಮಾತ್ರ ಸುರಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ವಾಂತಿ, ಗೊಂದಲ, ಇನ್ನೂ ಮುಂದೆ ಹೋದರೆ ಪ್ರಾಣಾಪಾಯ. ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಇದು ಮನೆಯಲ್ಲಿ ಮಾಡುವ ಓಆರ್‌ಎಸ್. ಚಹಾ ಚಮಚದ ಅಳತೆ ಅನ್ನೋದು ಮರೆಯಬೇಡಿ. ದುಬಾರಿ ಪುಡಿಯೇ ಬೇಕೆಂದಿಲ್ಲ. ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಕುಡಿಯುವ ಜೋಳದ ಅಂಬಲಿಯನ್ನೇ ನೆನೆಸಿಕೊಳ್ಳಿ: ಹಿಟ್ಟು, ಮಜ್ಜಿಗೆ, ಉಪ್ಪು, ನೀರು. ಸ್ಪರ್ಧೆಯ ಹಿಂದಿನ ದಿನಕ್ಕೂ ಅಭ್ಯಾಸದ ನಂತರಕ್ಕೂ ಅದು ಹೇಳಿ ಮಾಡಿಸಿದ್ದು. ಸೈಕಲ್ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕು. ಬಾಳೆಹಣ್ಣು, ಬೆಲ್ಲ, ಖರ್ಜೂರ ಸಾಕು. ಶೇಂಗಾ ಹೋಳಿಗೆ ಮುಗಿದ ಮೇಲೆ ತಿನ್ನೋಣ. ಎಣ್ಣೆಯಂಶ ಹೆಚ್ಚಾದದ್ದು ಬಿಸಿಲಲ್ಲಿ ಬೇಗ ಜೀರ್ಣವಾಗುವುದಿಲ್ಲ.

ನಿಲ್ಲಿಸುವ ಗುರುತುಗಳು

ಇದೊಂದು ಭಾಗವನ್ನು ಜೊತೆಗೆ ಬರುವ ಗೆಳೆಯರೂ ಓದಲೇಬೇಕು. ಯಾಕಂದ್ರೆ ಬಿಸಿಲು ತಲೆಗೇರಿದವನಿಗೆ ತನಗೆ ಏರಿದೆ ಅಂತ ತಿಳಿಯೋದಿಲ್ಲ.

ಬಿಸಿಲಲ್ಲಿ ಚಳಿ ಅನಿಸಿ ರೋಮ ನಿಮಿರಿದರೆ, ತಲೆ ಸಿಡಿದರೆ, ವಾಕರಿಕೆ ಬಂದರೆ ಓಟ ಅಲ್ಲಿಗೆ ಮುಗಿಯಿತು. ನಡಿಗೆ ತೂರಾಡಿದರೆ, ಕಾರಣವಿಲ್ಲದೆ ಸಿಟ್ಟು ಮಾಡಿದರೆ, ‘ಈಗ ಎಷ್ಟನೇ ಸುತ್ತು?’ ಅಂದರೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ಉಷ್ಣಾಘಾತ ಅಂತಲೇ ತಿಳಿಯಿರಿ. ‘ಇನ್ನೂ ಬೆವರುತ್ತಿದ್ದಾನಲ್ಲ, ಏನೂ ಆಗಿಲ್ಲ’ ಅನ್ನಬೇಡಿ. ದುಡಿಮೆಯಿಂದ ಬರುವ ಉಷ್ಣಾಘಾತದಲ್ಲಿ ಬೆವರು ನಿಲ್ಲಬೇಕೆಂದೇನಿಲ್ಲ.

ಮೊದಲು ತಂಪು, ನಂತರ ಸಾಗಾಟ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ತಲೆಯನ್ನು ನೀರಿನ ಮೇಲೆ ಹಿಡಿದಿರಬೇಕು. ತೊಟ್ಟಿ ಇಲ್ಲದಿದ್ದರೆ ಪಂಪ್‌ಸೆಟ್ಟಿನ ನೀರನ್ನು ಮೈಮೇಲೆ ಎಡೆಬಿಡದೆ ಸುರಿದು ಗಾಳಿ ಬೀಸಬೇಕು. ಜೊತೆಗಿರುವ ಇನ್ನೊಬ್ಬರು ಅದೇ ಹೊತ್ತಿಗೆ 108ಕ್ಕೆ ಫೋನ್ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಮೈ 40 ಡಿಗ್ರಿಯ ಮೇಲೆ ಎಷ್ಟು ನಿಮಿಷ ಇತ್ತು ಅನ್ನೋದರ ಮೇಲೆ ಅವನ ಮೆದುಳು, ಮೂತ್ರಪಿಂಡ ಉಳಿಯೋದು ನಿಂತಿದೆ.

ಇನ್ನೊಂದು ಗುರುತು ಆಕಾಶದಲ್ಲಿ. ಏಪ್ರಿಲ್–ಮೇ ಸಂಜೆ ಮೋಡ ಕಟ್ಟಿ ಗುಡುಗು, ಸಿಡಿಲು, ಆನೆಕಲ್ಲು ಬರುವುದುಂಟು. ಬಯಲಲ್ಲಿ ಸೈಕಲ್ ಮೇಲೆ ಇರುವವನು, ಒಂಟಿ ಮರದ ಕೆಳಗೆ ನಿಂತವನು ಇಬ್ಬರೂ ಅಪಾಯದಲ್ಲಿ. ಗುಡುಗು ಕೇಳಿದ ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಬೇಕು.

ಹಂಗಾದ್ರೆ ಬೇಸಿಗೆಯಲ್ಲಿ ಏನು ಮಾಡೋದು?

ಇದಕ್ಕೆ ಉತ್ತರ ನಮ್ಮ ಅಪ್ಪ, ಅಜ್ಜಂದಿರ ಹತ್ತಿರ ಮೊದಲಿನಿಂದಲೂ ಇದೆ. ಬೇಸಿಗೆಯಲ್ಲಿ ಹೊಲಕ್ಕೆ ಹೋಗುವವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಹತ್ತು ಹನ್ನೊಂದಕ್ಕೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ಬಿಸಿಲು ಇಳಿದ ಮೇಲೆ ಮತ್ತೆ ಕೆಲಸ. ಅವರಿಗೆ ಬಿಸಿಲು ತಡೆಯಲು ಆಗದೆ ಅಲ್ಲ. ದಿನಾ ದುಡಿಯಬೇಕಾದವರು ಹೀಗೇ ದುಡಿಯೋದು. ನಮ್ಮ ಅಭ್ಯಾಸವೂ ಹೊಲದ ಗಡಿಯಾರದಂತೆ ನಡೆಯಲಿ.

ಮೈಗೆ ಬಿಸಿಲು ಒಗ್ಗಲು 10ರಿಂದ 14 ದಿನ ಬೇಕು. ದಿನಾ ಇಪ್ಪತ್ತು ನಿಮಿಷದಿಂದ ಶುರು ಮಾಡಿ, ಎಂಟೂವರೆ ಒಂಬತ್ತರ ಬಿಸಿಲಲ್ಲಿ ಹಗುರಾಗಿ ಓಡಿ, ನಿಧಾನಕ್ಕೆ ಒಂದು ಗಂಟೆಗೆ ಏರಿಸಿ. ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಎಸಿ ಕೋಣೆಯಲ್ಲಿ ಸೆಮಿಸ್ಟರ್ ಕಳೆದು ನೇರ ಮೇ ಬಿಸಿಲಿಗೆ ಇಳಿದವನಿಗೆ ಇದೊಂದೂ ಇರುವುದಿಲ್ಲ.

ನಂತರ ‘ಮೂರು ಬೆಳಗಿನ ಹಾಫ್’ ಮಾಡಿ. ಮೊದಲ ಬೆಳಗ್ಗೆ ಈಜುಕೊಳದಲ್ಲಿ 1.9 ಕಿ.ಮೀ. ಎರಡನೇ ಬೆಳಗ್ಗೆ 5:50ಕ್ಕೆ ಹೊರಟು 90 ಕಿ.ಮೀ. ಸೈಕಲ್, 9:26ಕ್ಕೆ ಮುಗಿಯುತ್ತದೆ. ಮೂರನೇ ಬೆಳಗ್ಗೆ 5:50ಕ್ಕೆ 21.1 ಕಿ.ಮೀ. ಓಟ, 8:28ಕ್ಕೆ ಮುಗಿಯುತ್ತದೆ. 113 ಕಿ.ಮೀ. ಪೂರ್ತಿಯಾಯಿತು, ಹತ್ತು ಗಂಟೆಯ ನಂತರ ಒಂದೂ ಕಿ.ಮೀ. ಉಳಿಯಲಿಲ್ಲ. ಮೂರನ್ನೂ ಒಂದೇ ದಿನ ಮಾಡುವ ಆಸೆಯನ್ನು ಮಳೆಗಾಲ ಮುಗಿಯುವ ತನಕ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಇದೇ ಹಾದಿಯ ಮಧ್ಯಾಹ್ನ 28 ಡಿಗ್ರಿಯ ಆಸುಪಾಸು ಇರುತ್ತದೆ. ಆಗ 1:18ಕ್ಕೆ ಮಾಣಿಕನಗರದಲ್ಲಿ ಓಟ ಮುಗಿಸಿದವನು ಊಟಕ್ಕೆ ಕೂರುವಷ್ಟು ಗಟ್ಟಿಯಾಗಿರುತ್ತಾನೆ.

ಅಭ್ಯಾಸಕ್ಕೆ

1. ನಿಮ್ಮ ತೂಕ ಹಿಡಿದು ಲೆಕ್ಕ ಹಾಕಿ: 500 ವ್ಯಾಟ್ ಶಾಖ ಹೊರಹೋಗದೆ ಒಳಗೇ ಉಳಿದರೆ ಮೈ ಒಂದು ಡಿಗ್ರಿ ಏರಲು ಎಷ್ಟು ನಿಮಿಷ?

2. ನಿಮ್ಮ ಊರಿನ ಅಕ್ಷಾಂಶ ಹುಡುಕಿ, ಅಲ್ಲಿನ ಶೂನ್ಯ ನೆರಳಿನ ದಿನ ಯಾವುದು ಅಂತ ಕಂಡುಹಿಡಿಯಿರಿ.

3. ಬೆಳಗ್ಗೆ 6ಕ್ಕೆ ಶುರು ಮಾಡಿ 10ಕ್ಕೆ ಎಲ್ಲ ಮುಗಿಯಬೇಕೆಂದರೆ, ನಿಮ್ಮ ಈಗಿನ ವೇಗದಲ್ಲಿ ಮೂರೂ ದೂರಗಳನ್ನು ಎಷ್ಟೆಷ್ಟು ಇಳಿಸಬೇಕು? ಈ ಬೇಸಿಗೆಗೆ ನಿಮ್ಮ ಹಾದಿ ಅಷ್ಟೇ ದೂರದ್ದು.